ಎರಡನೆಯ ದಿನದ ಗಾಳ

ಪ್ಲಿಮತ್
ಮಾರ್ಚ್ ೩, ೧೯೮೬

ಮಾವ,

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ಒಲೆಗೆ ಹಾಕಿಬಿಡಬೇಡಿ. ಓದಿ, ಆಮೇಲೆ ಬೇಕಾದರೆ ಹಾಕಿ. ಎರಡು ವರ್ಷದಿಂದ ನಾನು ಬರೆದಿಲ್ಲ, ನೀವೂ ಬರೆದಿಲ್ಲ. ಇಬ್ಬರದೂ ಸಮವಾಯಿತು.

ಕ್ಲೆಮೊ ಸಮುದ್ರಕ್ಕೆ ಹೋಗಿ ಜನವರಿಗೆ ಏಳು ವರ್ಷ ತುಂಬಿತು. ಏಳು ವರ್ಷ ಸುದ್ದಿಯಿಲ್ಲದವನು ಸತ್ತ ಹಾಗೆಯೇ ಎಂದು ಕಾನೂನು ಹೇಳುತ್ತದಂತೆ. ನಿಮ್ಮ ಮಗನೂ ಸಿಗಲಿಲ್ಲ, ಅವನ ದೋಣಿಯೂ ಸಿಗಲಿಲ್ಲ, ಕೋರ್ಟಿನ ಕಾಗದ ಮಾತ್ರ ಸಿಕ್ಕಿತು. ಸೆಪ್ಟೆಂಬರಿನಲ್ಲಿ ನಾನು ರಾಯ್‌ಸ್ಟನ್ ಬಿಕಲ್ ಎಂಬವನನ್ನು ಮದುವೆಯಾಗುತ್ತಿದ್ದೇನೆ. ನಮ್ಮೂರು ಪೊಲ್ವಿಡನ್ನಿನ ಬಂದರುಕಟ್ಟೆಯ ಮೇಲೆ ಯಾರದೋ ಬಾಯಿಂದ ಕೇಳುವುದಕ್ಕಿಂತ ನಿಮಗೆ ನನ್ನಿಂದಲೇ ತಿಳಿಯಲಿ ಎಂದು ಬರೆದೆ.

ಇನ್ನೊಂದು ವಿಷಯ. ಜೂನ್ ಹದಿಮೂರರಿಂದ ಮೂರು ದಿನ ನಿಮ್ಮ ‘ಥಿರ್ಜಾ’ ದೋಣಿ ಮೀನು ಸೇರುವ ಮುಳುಗಿದ ಹಡಗುಗಳ ಮೇಲೆ ಗಾಳ ಹಾಕಲು ಬಾಡಿಗೆಗೆ ಹೊರಡುತ್ತದಲ್ಲ, ಅದರಲ್ಲಿ ರಾಯ್‌ಸ್ಟನ್ ಒಂದು ಜಾಗ ಹಿಡಿದಿದ್ದಾನೆ. ನಾನು ಹೇಳಿ ಕಳಿಸಿದ್ದಲ್ಲ. ಅವನಿಗೆ ನೀವು ಯಾರೆಂದು ಗೊತ್ತಾದದ್ದೇ ಆಮೇಲೆ. ಅವನು ಇಷ್ಟು ದಿನ ದಡದ ಬಂಡೆಯ ಮೇಲೆ ನಿಂತು ಗಾಳ ಹಾಕಿದವನು. ಆಳ ಸಮುದ್ರದ ಸಾಮಾನು ಅವನ ಬಳಿ ಇಲ್ಲ. ನಾನೀಗ ಇಲ್ಲಿ ಟ್ರೂಸ್ಕಾಟ್‌ನವರ ಗಾಳದ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಮಾರುವುದು ಗೊತ್ತು, ಆದರೆ ಒಬ್ಬೊಬ್ಬ ದೋಣಿಯವನದು ಒಂದೊಂದು ಹಟ ಎಂಬುದೂ ಗೊತ್ತು. ಮೂರು ದಿನಕ್ಕೆ ಏನೇನು ತರಬೇಕು ಎಂದು ದಯವಿಟ್ಟು ಒಂದು ಪಟ್ಟಿ ಬರೆದು ಕಳಿಸಿ.

ಮಂಡಿನೋವು ಹೇಗಿದೆ?

ಇತಿ,
ಲವ್‌ಡೇ


ಪೊಲ್ವಿಡನ್
ಮಾರ್ಚ್ ೧೧, ೧೯೮೬

ಲವ್‌ಡೇಗೆ,

ಸೊಸೆ ಎಂದು ಬರೆಯಬಹುದೋ ಬಾರದೋ, ನಿನ್ನ ಕೋರ್ಟಿನವರನ್ನು ಕೇಳಬೇಕು.

ಒಲೆಗೆ ಹಾಕಲಿಲ್ಲ. ಮದುವೆ ಮಾಡಿಕೋ. ನಾನು ಬೇಡವೆನ್ನುವುದಕ್ಕೆ ಯಾರು? ಮಂಡಿ ಇದ್ದಲ್ಲೇ ಇದೆ.

ಆದರೆ ಅಂಚೆಯ ಹುಡುಗಿ ನಿನ್ನ ರಾಯ್‌ಸ್ಟನ್ ಬಗ್ಗೆ ಒಂದು ಮಾತು ಹೇಳಿದಳು. ಅವನು ರೇಡಿಯೋ ರಿಪೇರಿ ಮಾಡುವವನಂತೆ. ನೀನು ಅದನ್ನು ಬರೆಯಲೇ ಇಲ್ಲವಲ್ಲ ಕಣಮ್ಮ! ಬಂಡೆಯ ಮೇಲೆ ನಿಲ್ಲುತ್ತಾನೆ ಎಂದು ಬರೆದೆ, ಹೊಟ್ಟೆಪಾಡಿಗೆ ಏನು ಮಾಡುತ್ತಾನೆ ಎಂದು ಬರೆಯಲಿಲ್ಲ. ರೇಡಿಯೋ ಬಿಚ್ಚುವವನಿಗೆ, ದೋಣಿ ಸಮುದ್ರದಲ್ಲಿ ಎಲ್ಲಿದೆ ಎಂದು ತೋರಿಸುವ ನನ್ನ ಡೆಕ್ಕಾ ಪೆಟ್ಟಿಗೆಯಲ್ಲಿ ಓಡುವ ಅಂಕೆ ಓದಲು ಬರುವುದಿಲ್ಲವೇ? ಒಂದೊಂದು ಮುಳುಗಿದ ಹಡಗಿನ ನಂಬರು ಹುಡುಕಲು ನನಗೆ ಒಂದೊಂದು ಬೇಸಿಗೆ ಹಿಡಿದಿದೆ. ಅದನ್ನು ಅಂಗೈ ಮೇಲೆ ಗೀಚಿಕೊಂಡು ಹೋದವರನ್ನು ನಾನು ನೋಡಿದ್ದೇನೆ. ಹೋದ ವರ್ಷ ಒಬ್ಬ ದಂತವೈದ್ಯ ಸಿಗರೇಟು ಪ್ಯಾಕಿನ ಮೇಲೆ ಬರೆದುಕೊಂಡ. ಪ್ಯಾಕನ್ನು ನೀರಿಗೆಸೆದೆ, ಒಳಗೆ ಹನ್ನೊಂದು ಸಿಗರೇಟಿದ್ದವು.

ಆದ್ದರಿಂದ ನಿನ್ನವನಿಗೆ ಹೇಳು: ಪೆಟ್ಟಿಗೆಯ ಮೇಲೆ ಟವೆಲು ಹಾಕಿರುತ್ತೇನೆ. ಟವೆಲು ಎತ್ತಿದರೆ ಈಜಿಕೊಂಡು ಮನೆಗೆ ಹೋಗಬೇಕು. ದೋಣಿಯ ಮೇಲೆ ಮೊಲದ ಹೆಸರು ಎತ್ತಬಾರದು, ಅಪಶಕುನ. ಪಾಸ್ಟಿ ಕಡುಬು ತರುವುದಾದರೆ ದಡದಲ್ಲೇ ತಿಂದು ಮುಗಿಸಬೇಕು, ಅದೂ ಹಾಗೆಯೇ.

ಇನ್ನು ಪಟ್ಟಿ. ಮೊದಲನೆಯ ದಿನ ಮತ್ತು ಮೂರನೆಯ ದಿನ ಭಾರದ ಸಾಮಾನು. ಮೋಟು ಕೋಲು, ಐವತ್ತು ಪೌಂಡು ತಡೆಯುವ ದಾರ, ಒಂದೂವರೆ ಪೌಂಡಿನ ಸೀಸದ ಗುಂಡು, ಬೆರಳುದ್ದದ ಕೊಕ್ಕೆ, ಅದರ ಹಿಂದೆ ಮೂರಡಿ ಉಕ್ಕಿನ ತಂತಿ. ಹಾವುಮೀನಿನ ಹಲ್ಲಿಗೆ ನೈಲಾನೆಂದರೆ ಶಾವಿಗೆ. ಸೀಸವನ್ನು ಮಾತ್ರ ತೆಳು ದಾರದಲ್ಲಿ ಕಟ್ಟಿರಬೇಕು. ತುಕ್ಕುಗಬ್ಬಿಣಕ್ಕೆ ಸಿಕ್ಕಿಕೊಂಡರೆ ಅದೊಂದು ಹರಿದುಹೋಗಿ ಉಳಿದದ್ದು ಕೈಗೆ ಬರಲಿ. ಸೀಸ ಎರಡು ಡಜನ್ ತಂದರೂ ಹೆಚ್ಚಲ್ಲ.

ಎರಡನೆಯ ದಿನ ಅದೆಲ್ಲ ಪೆಟ್ಟಿಗೆಯೊಳಗೆ. ಬಳುಕುವ ಉದ್ದ ಕೋಲು, ಇಪ್ಪತ್ತು ಪೌಂಡಿನ ದಾರ, ಅರ್ಧ ಪೌಂಡಿನ ಸೀಸ, ಮೂರು ಮಾರು ತುದಿದಾರಕ್ಕೆ ಒಂದೇ ಒಂದು ರಬ್ಬರ್ ಮೀನು. ಪೊಲಾಕ್ ಮೀನು ಹಡಗಿನ ಮೇಲುಗಡೆ ನೀರಲ್ಲಿ ತಿರುಗುತ್ತಿರುತ್ತದೆ, ಅದಕ್ಕೆ ಅಷ್ಟು ಸಾಕು. ನಾನು ನಿಲ್ಲಿಸು ಎಂದ ಕಡೆ ದಾರ ನಿಲ್ಲಿಸಬೇಕು. ತಳ ಮುಟ್ಟಿಸಬಾರದು. ಆ ದಿನ ಹಾವುಮೀನಿನ ಕೊಕ್ಕೆ ಯಾರ ಕೈಯಲ್ಲೂ ಕಾಣಿಸಬಾರದು.

ಇಷ್ಟೇ.

ಹೆಡ್ಲಿ ಯೂರನ್


ಪ್ಲಿಮತ್
ಮಾರ್ಚ್ ೨೪, ೧೯೮೬

ಮಾವ,

ಪಟ್ಟಿ ತಲುಪಿತು. ರಾಯ್‌ಸ್ಟನ್ ಕೆಲಸ ಬರೆಯದೆ ಇದ್ದದ್ದು ನಿಮಗೆ ಹೀಗೆಯೇ ಅನಿಸುತ್ತದೆ ಎಂದು ಗೊತ್ತಿದ್ದರಿಂದ. ಬರೆದರೂ ತಪ್ಪು, ಬಿಟ್ಟರೂ ತಪ್ಪು.

ಮೊದಲ ದಿನದ ಸಾಮಾನು ತೆಗೆದಿಟ್ಟೆ. ಎರಡನೆಯ ದಿನದ್ದನ್ನು ಓದಿ ಟ್ರೂಸ್ಕಾಟ್ ಯಜಮಾನರು ಕನ್ನಡಕ ಒರೆಸಿ ಇನ್ನೊಮ್ಮೆ ಓದಿದರು. “ಇದು ಹೆಡ್ಲಿ ಬರೆದದ್ದಾ? ಹಾವುಮೀನು ಬೇಡ ಅಂತಾನಾ? ಪೂಜಾರಿ ದೇವರೇ ಬೇಡ ಅಂದಂಗಾಯ್ತಲ್ಲಮ್ಮ!” ಎಂದರು. ನಿಮ್ಮ ಫೋಟೋ ಈಗಲೂ ಅಂಗಡಿಯ ಗೋಡೆಯ ಮೇಲಿದೆ: ನೀವು, ನಿಮಗಿಂತ ಉದ್ದದ ಹಾವುಮೀನು, ಆಗಸ್ಟ್ ೧೯೮೩.

ಹೋದ ಸೆಪ್ಟೆಂಬರಿನಲ್ಲಿ ನಿಮ್ಮ ಜೊತೆ ಬಂದಿದ್ದ ಸ್ಲೀಮನ್ ಎಂಬ ಬಸ್ ಕಂಡಕ್ಟರು ಅಲ್ಲೇ ನಿಂತಿದ್ದ. ಅವನು ಕೇಳದೆಯೇ ಶುರುಮಾಡಿದ. “ಎರಡನೇ ದಿನ ಬೆಳಿಗ್ಗೆ ನಮ್ಮ ದಪ್ಪ ಕೊಕ್ಕೆಗಳನ್ನೆಲ್ಲಾ ಒಂದು ಡಬ್ಬಕ್ಕೆ ಹಾಕಿಸ್ಕೊಂಡು ಮುದುಕ ಅದರ ಮೇಲೇ ಕೂತ್ಕೊಂಡ್ರೀ. ತಾನು ಗಾಳ ಮುಟ್ಟಲಿಲ್ಲ. ಜಿಟಿಜಿಟಿ ಮಳೆ, ಟೊಪ್ಪಿಗೆ ತೆಗೆದು ತೊಡೆ ಮೇಲಿಟ್ಕೊಂಡಿದ್ದ. ಎರಡು ಗಂಟೆ ಅಷ್ಟೇ, ಆಮೇಲೆ ಹೊರಡ್ರಿ ಅಂದ. ಮೀನು ಹುಚ್ಚುಹುಚ್ಚಾಗಿ ಕಚ್ತಾ ಇತ್ತು!”

ನಾನು ಮೀನುಗಾರನ ಮಗಳು, ಮೀನುಗಾರನ ಹೆಂಡತಿ. ಕೆಲವು ಪ್ರಶ್ನೆ ಕೇಳುತ್ತೇನೆ, ಕೋಪ ಬೇಡ. ಎರಡನೆಯ ದಿನದ ಜಾಗ ಎಷ್ಟು ಮಾರು ಆಳ? ಅರ್ಧ ಪೌಂಡು ಸೀಸ ಸಾಕೆಂದರೆ ಭರತ ಇಳಿತದ ನಡುವೆ ನೀರು ನಿಂತ ಹೊತ್ತಿನಲ್ಲೇ ಅಲ್ಲಿಗೆ ಹೋಗುತ್ತೀರಾ? ಕೆಳಗಿರುವುದು ಕಬ್ಬಿಣದ ದೊಡ್ಡ ಹಡಗೋ, ಮರದ ಸಣ್ಣ ದೋಣಿಯೋ? ಅದಕ್ಕೆ ತಕ್ಕ ಸೀಸ ಕೊಡಬೇಕು, ಅದಕ್ಕೇ ಕೇಳಿದೆ.

ಇತಿ,
ಲವ್‌ಡೇ


ಪೊಲ್ವಿಡನ್
ಏಪ್ರಿಲ್ ೨, ೧೯೮೬

ಲವ್‌ಡೇ,

ನೀನು ಸೀಸ ಮಾರುವವಳ ಹಾಗೆ ಕೇಳುತ್ತಿಲ್ಲ, ಪೊಲೀಸಿನವರ ಹಾಗೆ ಕೇಳುತ್ತಿದ್ದೀಯ. ಸೀಸದ ತೂಕ ಹೇಳಿದರೆ ಆಳ ಹೇಳಿದ ಹಾಗೆ. ಆಳ ಹೇಳಿ ನೀರು ನಿಲ್ಲುವ ಹೊತ್ತು ಹೇಳಿದರೆ, ಅಂಗಡಿಯಲ್ಲಿ ನಕ್ಷೆ ಹಾಸಿಕೊಂಡು ಕೂತು ಬೆರಳಿಡುವುದೊಂದೇ ಬಾಕಿ. ನನ್ನ ಕಿವಿಗೆ ಹೂವಿಡಲು ಹೊರಟಿದ್ದೀಯಾ? ಆ ರೇಡಿಯೋದವನು ಪಕ್ಕದಲ್ಲಿ ಕೂತು ಹೇಳಿಕೊಡುತ್ತಿದ್ದಾನೆ ತಾನೇ? ಮದುವೆಗೆ ಮೊದಲೇ ದೋಣಿ ಕೊಳ್ಳುವ ಮಾತು ಬಂತೋ? ಹೆಡ್ಲಿಯ ನಂಬರು ಸಿಕ್ಕಿದರೆ ಪ್ಲಿಮತ್ತಿನಲ್ಲಿ ರಾಜನ ಹಾಗೆ ಇರಬಹುದು ಎಂದು ಲೆಕ್ಕ ಹಾಕಿದ್ದೀರಾ?

ಸ್ಲೀಮನ್ ಎಂಬವನು ವಾಂತಿ ಮಾಡಿಕೊಂಡು ಮೂರು ದಿನ ಮಲಗಿದ್ದವನು. ಅವನ ಕಣ್ಣಿಗೆ ಏನು ಕಂಡಿತೋ ಏನೋ. ಟೊಪ್ಪಿಗೆ ಒದ್ದೆಯಾಗಿತ್ತು, ತೆಗೆದೆ. ಮನುಷ್ಯ ತನ್ನ ತಲೆಯ ಮೇಲಿನ ಟೊಪ್ಪಿಗೆ ತೆಗೆಯಲು ಪ್ಲಿಮತ್ತಿನ ಅಪ್ಪಣೆ ಬೇಕೇ?

ಈಗ ಕೇಳು. ಈ ಸಲ ಎರಡನೆಯ ದಿನ ಬೇರೆ ಕಡೆ ಹೋಗುತ್ತೇವೆ. ಪಟ್ಟಿ ಬದಲಾಗಿದೆ. ಮೂರು ದಿನಕ್ಕೂ ಒಂದೇ ಸಾಮಾನು, ಒಂದು ಪೌಂಡು ಸೀಸ. ಮೊದಲಿನ ಕಾಗದ ಹರಿದುಹಾಕು. ಇಲ್ಲವೇ ಅವನ ಮುಂಗಡ ವಾಪಸ್ ಕಳಿಸುತ್ತೇನೆ, ಅವನು ಬಂಡೆಯ ಮೇಲೆಯೇ ನಿಂತಿರಲಿ. ಅದೇ ಎಲ್ಲರಿಗೂ ಒಳ್ಳೆಯದು.

ಹೆಡ್ಲಿ ಯೂರನ್


ಪ್ಲಿಮತ್
ಏಪ್ರಿಲ್ ೨೦, ೧೯೮೬

ಮಾವ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೂರು ವಾರದಲ್ಲಿ ಎರಡು ಪಟ್ಟಿ ಕೊಟ್ಟಿದ್ದೀರಿ. ನಲವತ್ತು ವರ್ಷ ಸಮುದ್ರದ ಮೇಲಿರುವ ನೀವು ಸೀಸದ ವಿಷಯದಲ್ಲಿ ಮನಸ್ಸು ಬದಲಿಸಿದ್ದನ್ನು ನಾನಂತೂ ಕಂಡಿಲ್ಲ. ಮೊದಲನೆಯದು ನಿಜ, ಎರಡನೆಯದು ಸುಳ್ಳು. ಕಾಗದ ಹರಿದಿಲ್ಲ.

ಮೊನ್ನೆ ಶನಿವಾರ ಸ್ಲೀಮನ್ ತನ್ನ ರೀಲನ್ನು ಎಣ್ಣೆ ಹಾಕಿಸಲು ಕೊಟ್ಟುಹೋದ. ಜೊತೆಗೆ ಪೊಲಾಕ್ ಹಿಡಿಯುವ ಸಾಮಾನಿನ ಡಬ್ಬವೂ ಇತ್ತು. ಹಳೆಯದನ್ನೆಲ್ಲ ತೆಗೆದು ಹೊಸದು ಕಟ್ಟಲು ಹೇಳಿದ್ದ. ಒಂದು ತುದಿದಾರದ ತಿರುಗುಕೊಂಡಿಗೆ ಹಸಿರು ದಾರ ಸುತ್ತಿಕೊಂಡಿತ್ತು. ಬಲೆಯ ಚೂರು, ಎರಡು ಗಂಟು ಮಾತ್ರ. ಅವನು ಸಂಜೆ ಬಂದಾಗ ಎಲ್ಲಿಯದು ಎಂದು ಕೇಳಿದೆ.

“ಎರಡನೇ ದಿನದ್ದು. ಮುದುಕ ಬೇಡ ಅಂದ್ರೂ ನಾನು ತಳಕ್ಕೆ ಬಿಟ್ಟೆ, ಆಸೆ ನೋಡಿ. ಒಂದು ತುಂಡು ಬಲೆ ಸಿಕ್ಕಾಕ್ಕೊಂಡು ಬಂತು. ಹೊಡೀತಾನೆ ಅಂದ್ಕೊಂಡೆ. ಇಲ್ಲ ರೀ. ಚಾಕು ತಗೊಂಡು ಮೆತ್ತಗೆ ಬಿಡಿಸಿ, ಮಡಿಸಿ, ಕೋಟಿನ ಒಳಗಿಟ್ಕೊಂಡ,” ಎಂದ.

ಮಾವ, ನಾನು ಎಡಗೈಯವಳು. ನಮ್ಮೂರಿನಲ್ಲಿ ಬಲೆ ಹೆಣೆಯುವ ಹೆಂಗಸರಲ್ಲಿ ಎಡಗೈಯವಳು ನಾನೊಬ್ಬಳೇ. ನನ್ನ ಗಂಟು ಉಳಿದವರದಕ್ಕಿಂತ ಉಲ್ಟಾ ಕಡೆ ವಾಲುತ್ತದೆ. “ಈ ಹುಡುಗಿ ಹೆಣೆದ ಬಲೆಗೆ ಮೀನು ಹಿಂದುಮುಂದಾಗಿ ಬೀಳ್ತವೆ” ಎಂದು ನೀವೇ ನಗುತ್ತಿದ್ದಿರಿ. ೧೯೭೮ರ ಚಳಿಗಾಲದಲ್ಲಿ ಅಡುಗೆಮನೆಯ ಮೇಜಿನ ಮೇಲೆ ಹರಡಿಕೊಂಡು ಕ್ಲೆಮೊನ ಹಸಿರು ಬಲೆ ಹೆಣೆದುಕೊಟ್ಟೆ. ಜನವರಿಯಲ್ಲಿ ಅವನ ಜೊತೆಗಾರ ಜ್ವರವೆಂದು ಮಲಗಿದ. ಇವನು ಆ ಬಲೆ ಹಾಕಿಕೊಂಡು ಒಬ್ಬನೇ ಹೋದ.

ಆ ಚೂರು ಈಗ ನನ್ನ ಮುಂದೆ ಮೇಜಿನ ಮೇಲಿದೆ. ಗಂಟು ಉಲ್ಟಾ ಇದೆ.

ಎಲ್ಲರೂ ಹುಡುಕಿದ್ದು ಕರಾವಳಿಯ ಬುಡದಲ್ಲಿ. ನೀವು ಮಾತ್ರ ನಡುಸಮುದ್ರದಲ್ಲಿ ಗಾಳಕೋರರನ್ನು ಕೂರಿಸಿಕೊಂಡು ಅವನ ಮೇಲೆ ದೋಣಿ ತೇಲಿಸುತ್ತಿದ್ದೀರಿ. ನಮ್ಮೂರ ಪದ್ಧತಿ ನಿಮಗೆ ನಾನು ಹೇಳಿಕೊಡಬೇಕೇ? ನಮ್ಮವರ ದೋಣಿ ಯಾರಿಗೆ ಸಿಕ್ಕರೂ ಅವರು ನಂಬರನ್ನು ಚೀಟಿಯಲ್ಲಿ ಬರೆದು, ಟೊಪ್ಪಿಗೆ ತೆಗೆದು, ಹೆಂಡತಿಯ ಬಾಗಿಲಿಗೆ ಒಯ್ದು ಕೊಡಬೇಕು. ತಮ್ಮ ಪುಸ್ತಕದಲ್ಲಿ ಅದನ್ನು ಹೊಡೆದುಹಾಕಬೇಕು. ಆಮೇಲೆ ಅಲ್ಲಿ ಒಂದು ಕೊಕ್ಕೆಯೂ ನೀರಿಗಿಳಿಯಬಾರದು. ನಿಮ್ಮಪ್ಪ ಮೂರು ಮನೆಗೆ ಹಾಗೆ ಒಯ್ದು ಕೊಟ್ಟಿದ್ದರು ಎಂದು ನೀವೇ ಹೇಳಿದ್ದೀರಿ.

ನನ್ನ ಬಾಗಿಲಿಗೆ ಯಾಕೆ ಬರಲಿಲ್ಲ? ಬರುತ್ತಿದ್ದವರು ಯಾಕೆ ನಿಂತುಹೋದಿರಿ? ೮೩ರ ಬೇಸಿಗೆಯವರೆಗೆ ಪ್ರತಿ ಭಾನುವಾರ ಊಟಕ್ಕೆ ಬರುತ್ತಿದ್ದಿರಿ. ಆಮೇಲೆ ಒಂದು ದಿನವೂ ಇಲ್ಲ. ಬೀದಿಯಲ್ಲಿ ಕಂಡರೆ ಇನ್ನೊಂದು ಪಕ್ಕಕ್ಕೆ ದಾಟುತ್ತಿದ್ದಿರಿ. ನಾನು ಏನು ತಪ್ಪು ಮಾಡಿದೆ ಎಂದು ತಿಳಿಯದೆ ಆರು ತಿಂಗಳು ಕಾದೆ, ಆಮೇಲೆ ಊರು ಬಿಟ್ಟೆ. ಒಳ್ಳೆಯ ಮೀನು ಸಿಗುವ ಜಾಗ ಕಳೆದುಕೊಳ್ಳಬಾರದು ಎಂದು ನನ್ನನ್ನು ಕಳೆದುಕೊಂಡಿರೋ?

ನಂಬರು ನನ್ನದು. ಕಳಿಸಿ.

ಲವ್‌ಡೇ


ಪ್ಲಿಮತ್
ಮೇ ೧೮, ೧೯೮೬

ಮಾವ,

ನಾಲ್ಕು ವಾರವಾಯಿತು. ನಿಮ್ಮ ಮಂಡಿ ಸರಿಯಿದೆ, ನೀವು ಬಂದರುಕಟ್ಟೆಯ ಮೇಲೆ ಓಡಾಡುತ್ತಿದ್ದೀರಿ ಎಂದು ಅಂಚೆಯ ಹುಡುಗಿಯೇ ನನಗೂ ಹೇಳಿದಳು. ಅಂದರೆ ಕಾಗದ ತಲುಪಿದೆ.

ಜೂನ್ ಹದಿಮೂರಕ್ಕೆ ರಾಯ್‌ಸ್ಟನ್ ಬದಲು ನಾನು ಬರುತ್ತೇನೆ. ಅವನು ಮುಖ ಊದಿಸಿಕೊಂಡಿದ್ದಾನೆ, ಇರಲಿ. ಹೆಂಗಸು ಹತ್ತಿದರೆ ದೋಣಿಗೆ ಕೇಡು ಎನ್ನುತ್ತೀರಿ. ಹೆಂಗಸು ಹತ್ತದ ದೋಣಿ ಏನಾಯಿತೆಂದು ನಾವಿಬ್ಬರೂ ನೋಡಿದ್ದೇವೆ.

ನನ್ನ ಪೆಟ್ಟಿಗೆಯಲ್ಲಿ ಭಾರದ ಸಾಮಾನು ಮಾತ್ರ ಇರುತ್ತದೆ. ಮೋಟು ಕೋಲು, ಉಕ್ಕಿನ ತಂತಿ, ಬೆರಳುದ್ದದ ಕೊಕ್ಕೆ. ಎರಡನೆಯ ದಿನ ನೀವು ಎಂಜಿನ್ ನಿಲ್ಲಿಸಿದ ಕೂಡಲೇ ಕೊಕ್ಕೆಗೆ ಅರ್ಧ ಬಂಗುಡೆ ಚುಚ್ಚಿ, ಎಲ್ಲರ ಮುಂದೆ ನಿಮ್ಮನ್ನೇ ಕೇಳುತ್ತೇನೆ: “ಮಾವ, ಬಿಡ್ಲಾ?”

ಲವ್‌ಡೇ


ಪೊಲ್ವಿಡನ್
ಮೇ ೨೭, ೧೯೮೬

ಲವ್‌ಡೇ,

ಬೇಡಮ್ಮ. ಬಿಡಬೇಡ.

ಐದು ವಾರದಲ್ಲಿ ಆರು ಕಾಗದ ಬರೆದು ಹರಿದೆ. ಇದು ಏಳನೆಯದು. ಇದನ್ನು ಮತ್ತೆ ಓದದೆ ಅಂಚೆಗೆ ಹಾಕುತ್ತೇನೆ, ಓದಿದರೆ ಇದೂ ಉಳಿಯುವುದಿಲ್ಲ.

೮೩ರ ಜುಲೈಯಲ್ಲಿ ಆ ಜಾಗ ಸಿಕ್ಕಿತು. ನಕ್ಷೆಯಲ್ಲಿ ಅಲ್ಲಿ ಏನೂ ಇಲ್ಲ. ಸಣ್ಣದೊಂದು ಗುಳ್ಳೆ ಮೂಡಿದ ಹಾಗೆ ಆಳ ನೋಡುವ ಯಂತ್ರದ ಕಾಗದದ ಮೇಲೆ ಗುರುತು ಬಿತ್ತು, ಅಷ್ಟೇ. ಯಾವುದೋ ಫ್ರೆಂಚರ ಹಳೆಯ ದೋಣಿ ಇರಬೇಕೆಂದುಕೊಂಡೆ. ನಮ್ಮ ಕ್ಲೆಮೊ ಅಷ್ಟು ದೂರ ಹೋಗಿರಬಹುದು ಎಂದು ಕನಸಿನಲ್ಲೂ ಹೊಳೆಯಲಿಲ್ಲ. ಎಂಜಿನ್ ಕೆಟ್ಟು, ಗಾಳಿ ಅವನನ್ನು ರಾತ್ರಿಯೆಲ್ಲ ದಕ್ಷಿಣಕ್ಕೆ ತಳ್ಳಿರಬೇಕು. ನಾವು ಇತ್ತ ಕರಾವಳಿಯಲ್ಲಿ ಕೂಗುತ್ತಾ ಹುಡುಕುತ್ತಿದ್ದೆವು.

ಆ ಜಾಗದಲ್ಲಿ ಹಾವುಮೀನು ತುಂಬಿದ್ದವು. ನನ್ನ ಜನ್ಮದಲ್ಲಿ ಅಂಥ ಹಾವುಮೀನು ಕಂಡಿರಲಿಲ್ಲ. ಆ ಒಂದು ತಿಂಗಳು ನಾನು ಹುಚ್ಚನ ಹಾಗೆ ಅಲ್ಲಿಗೇ ಹೋದೆ. ನಿಮ್ಮ ಅಂಗಡಿಯ ಗೋಡೆಯ ಮೇಲಿರುವ ಫೋಟೋದ ಮೀನು ಅಲ್ಲಿಯದೇ. ಅದನ್ನು ತೆಗೆಸಿಬಿಡು ಎಂದು ಟ್ರೂಸ್ಕಾಟ್‌ಗೆ ಹೇಳು, ನನ್ನ ಹೆಸರು ಹೇಳಿಯೇ ಹೇಳು.

ಹಾವುಮೀನು ಮೇಲೆ ತಿರುಗುವುದಿಲ್ಲ, ದೋಣಿಯ ಹೊಟ್ಟೆಯೊಳಗೇ ಇರುತ್ತದೆ. ಸಿಕ್ಕಿದ್ದನ್ನು ತಿನ್ನುತ್ತದೆ. ನೀನು ಮೀನುಗಾರನ ಮಗಳು, ಇದಕ್ಕಿಂತ ಬಿಡಿಸಿ ಬರೆಯಲು ನನ್ನಿಂದಾಗದು.

ಫೋಟೋದ ಮೀನಿನ ನಡುತುಂಡನ್ನು ಕೊಯ್ದು ಆ ಭಾನುವಾರ ನಿನ್ನ ಮನೆಗೆ ತಂದೆ. ನಿನಗೆ ನೆನಪಿದೆಯೋ ಇಲ್ಲವೋ. ನೀನು ಅದನ್ನು ಹಾಲಿನಲ್ಲಿ ಬೇಯಿಸಿ, ಆಲೂಗಡ್ಡೆ ಮುಚ್ಚಿ ಒಲೆಯಲ್ಲಿಟ್ಟೆ. ನಾವಿಬ್ಬರೂ ತಿಂದೆವು. ಚೆನ್ನಾಗಿದೆ ಎಂದು ನಾನು ಎರಡು ಸಲ ಹಾಕಿಸಿಕೊಂಡೆ.

ಅದಾದ ಹನ್ನೆರಡನೆಯ ದಿನ ನನ್ನದೇ ಕೊಕ್ಕೆಗೆ ಹಸಿರು ಬಲೆ ಬಂತು. ಗಂಟು ನೋಡಿದೆ. ಇನ್ನೊಂದು ಸಲ ನೋಡಬೇಕಾಗಲಿಲ್ಲ.

ಹೇಳು, ಯಾವ ಮುಖ ಹೊತ್ತು ನಿನ್ನ ಬಾಗಿಲಿಗೆ ಬರಲಿ? ಚೀಟಿ ಕೊಟ್ಟರೆ ನೀನು ಕೇಳುತ್ತಿದ್ದೆ: ಯಾವಾಗ ಸಿಕ್ಕಿತು, ಹೇಗೆ ಸಿಕ್ಕಿತು, ಅಲ್ಲಿ ಏನು ಹಿಡಿದಿರಿ ಎಂದು. ನೀನು ಕೇಳದೆ ಬಿಡುವವಳಲ್ಲ. ನಿನ್ನ ಅಡುಗೆಮನೆಯ ಕಿಟಕಿ ಕಂಡರೆ ನನಗೆ ಆ ಭಾನುವಾರದ ತಟ್ಟೆಯೇ ಕಣ್ಣಮುಂದೆ ಬರುತ್ತಿತ್ತು. ಅದಕ್ಕೇ ಬೀದಿ ದಾಟುತ್ತಿದ್ದೆ. ನಿನ್ನದು ತಪ್ಪು ಎಂದು ನಾನು ಒಂದು ದಿನವೂ ಅಂದುಕೊಂಡಿಲ್ಲ. ನೀನು ಊರು ಬಿಟ್ಟ ದಿನ ಬಸ್ಸು ಗುಡ್ಡ ಹತ್ತುವುದನ್ನು ಬಲೆಮನೆಯ ಹಿಂದೆ ನಿಂತು ನೋಡಿದೆ.

ಹಾಗಾದರೆ ಅಲ್ಲಿಗೆ ಇನ್ನೂ ಯಾಕೆ ಹೋಗುತ್ತೀಯ ಎನ್ನುತ್ತೀಯ. ಮಗನ ಹತ್ತಿರ ಹೋಗುತ್ತೇನೆ ಕಣಮ್ಮ. ಒಬ್ಬನೇ ಅಷ್ಟು ದೂರ ಡೀಸೆಲ್ ಸುಟ್ಟು ಹೋದರೆ ಊರಿನ ಒಬ್ಬೊಬ್ಬ ದೋಣಿಯವನೂ ಮುದುಕ ಎಲ್ಲಿಗೆ ಹೋಗುತ್ತಾನೆ ಎಂದು ಬೆನ್ನು ಹತ್ತುತ್ತಿದ್ದ. ಗಾಳಕೋರರು ಜೊತೆಗಿದ್ದರೆ ಯಾರೂ ಕೇಳುವುದಿಲ್ಲ. ಕೆಳಗೆ ಒಂದು ಕೊಕ್ಕೆಯೂ ಹೋಗದ ಹಾಗೆ ಕಾಯುತ್ತೇನೆ. ಅವರು ಮೇಲುನೀರಿನಲ್ಲಿ ಪೊಲಾಕ್ ಹಿಡಿಯುತ್ತಿರುವಾಗ ಎರಡು ಗಂಟೆ ಅವನ ಹತ್ತಿರ ಕೂತಿರುತ್ತೇನೆ. ಪದ್ಧತಿ ಮುರಿದೆ. ಅದು ನನಗೂ ಗೊತ್ತಿದೆ.

ನಿನ್ನ ರೇಡಿಯೋದವನ ಮೇಲೆ ಹೊರಿಸಿದ್ದು ಅರ್ಧ ನೆಪ. ಅರ್ಧ ಈಗಲೂ ನಿಜ, ನನಗೆ ಅವನ ಮೇಲೆ ನಂಬಿಕೆಯಿಲ್ಲ.

ನಂಬರು ಬೇರೆ ಚೀಟಿಯಲ್ಲಿದೆ. ಬರೆಯುವಾಗ ಟೊಪ್ಪಿಗೆ ತೆಗೆದಿದ್ದೆ. ಪುಸ್ತಕದಲ್ಲಿ ಹೊಡೆದುಹಾಕಿದ್ದೇನೆ. ಅದು ನನಗೆ ಬಾಯಿಪಾಠ ಬರುತ್ತದೆ, ಅದನ್ನು ಹೇಗೆ ಹೊಡೆದುಹಾಕುವುದೋ ತಿಳಿಯದು.

ಹೆಡ್ಲಿ


ಪ್ಲಿಮತ್
ಜೂನ್ ೪, ೧೯೮೬

ಮಾವ,

ಚೀಟಿ ತಲುಪಿತು.

ನಿಮ್ಮ ಮೇಲೆ ಎಷ್ಟು ಅನುಮಾನ ಹಿಡಿದಿತ್ತೆಂದರೆ, ಅದನ್ನು ಓದಿ ಅಳುವ ಮೊದಲು ಅಂಗಡಿಯ ನಕ್ಷೆ ಹಾಸಿ ಗೆರೆ ಹಿಡಿದು ನೋಡಿದೆ. ಅಲ್ಲಿ ನಲವತ್ತೊಂದು ಮಾರು ಆಳ. ನೀರು ನಿಂತ ಹೊತ್ತಿನಲ್ಲಿ ಅರ್ಧ ಪೌಂಡು ಸೀಸ ಸಾಕು. ಆಮೇಲೆ ಅತ್ತೆ.

ಇನ್ನೊಂದು ಹೇಳಬೇಕು. ಚೀಟಿ ಕೈಯಲ್ಲಿರುವಾಗ ರಾಯ್‌ಸ್ಟನ್ ಬಂದ. “ಏನದು?” ಎಂದ. “ಊರಿಂದ ಬಂದದ್ದು” ಎಂದೆ. “ಓ, ಮುದುಕ ನಂಬರು ಕೊಟ್ನಾ?” ಎಂದುಬಿಟ್ಟ. ನಂಬರಿನ ಮಾತು ನಾನು ಅವನ ಹತ್ತಿರ ಎತ್ತಿರಲೇ ಇಲ್ಲ. ನಿಮ್ಮ ಕಾಗದಗಳನ್ನು ನಾನಿಲ್ಲದಾಗ ಓದುತ್ತಿದ್ದಾನೆ. ಎರಡು ದಿನ ಬಿಟ್ಟು ನಗುತ್ತಾ ಇನ್ನೊಮ್ಮೆ ಕೇಳಿದ. ಬರಿ ಕುತೂಹಲವೋ, ನೀವು ಹೇಳಿದ್ದೋ, ಗೊತ್ತಿಲ್ಲ. ಚೀಟಿಯನ್ನು ಬಾಯಿಪಾಠ ಮಾಡಿಕೊಂಡು ಒಲೆಗೆ ಹಾಕಿದೆ. ಸೆಪ್ಟೆಂಬರಿಗೆ ಇನ್ನೂ ಮೂರು ತಿಂಗಳಿದೆ, ನೋಡುತ್ತೇನೆ.

ಆ ಭಾನುವಾರದ ಊಟ ನೆನಪಿದೆ. ನಾನೂ ಎರಡು ಸಲ ಹಾಕಿಕೊಂಡಿದ್ದೆ. ನಿಮ್ಮ ಕಾಗದ ಓದಿ ಎರಡು ದಿನ ನೀರು ಬಿಟ್ಟರೆ ಬೇರೇನೂ ಮುಟ್ಟಲಿಲ್ಲ. ನಿಮ್ಮನ್ನು ಬೈದೆ, ಅವನನ್ನು ಬೈದೆ, ಅವನು ಹೋದ ಬೆಳಿಗ್ಗೆಯನ್ನು ಬೈದೆ. ಮೂರನೆಯ ದಿನ ಒಂದು ಯೋಚನೆ ಬಂತು. ನಮ್ಮೂರಿನಲ್ಲಿ ಸಮುದ್ರಕ್ಕೆ ಯಾರನ್ನೂ ಕೊಡದ ಮನೆ ಯಾವುದು? ಸಮುದ್ರದ್ದನ್ನು ತಿನ್ನದ ಮನೆ ಯಾವುದು? ನಮ್ಮ ಅಜ್ಜಿಯರೆಲ್ಲ ಗಂಡನನ್ನು ಕಳಕೊಂಡ ವಾರವೇ ಮಕ್ಕಳಿಗೆ ಮೀನು ಬೇಯಿಸಿ ಹಾಕಿದವರು. ಅವರು ಕೇಳಲಿಲ್ಲ. ನಮಗೆ ಮಾತ್ರ ಗೊತ್ತಾಗಿಹೋಯಿತು.

ಅದನ್ನು ನಾನು ನಿಮ್ಮ ಮೇಲೆ ಹೊರಿಸುವುದಿಲ್ಲ. ಮೂರು ವರ್ಷ ನನ್ನನ್ನು ಒಬ್ಬಳನ್ನೇ ಬಿಟ್ಟದ್ದನ್ನು ಹೊರಿಸುತ್ತೇನೆ. ಅವನು ಹೋದಮೇಲೆ ಉಳಿದದ್ದು ನಾವಿಬ್ಬರೇ ಇದ್ದೆವು ಮಾವ. ನೀವು ಅಷ್ಟೊಂದನ್ನು ಒಬ್ಬರೇ ಹೊತ್ತುಕೊಂಡು ಬೀದಿ ದಾಟುತ್ತಿದ್ದಿರಿ, ನಾನು ಅದನ್ನು ಸೊಕ್ಕು ಎಂದುಕೊಂಡೆ.

ಪದ್ಧತಿಯ ಪ್ರಕಾರ ನಂಬರು ಈಗ ನನ್ನದು, ಅಲ್ಲಿ ಯಾರು ಹೋಗಬೇಕು ಎಂದು ಹೇಳುವವಳೂ ನಾನು. ಗಾಳಕೋರರು ಬೇಡ, ರಬ್ಬರ್ ಮೀನೂ ಬೇಡ. ನೀವು ಹೋಗಿ. ಯಾಕೆ ಡೀಸೆಲ್ ಸುಡುತ್ತೀಯ ಎಂದು ಕೇಳಿದವರಿಗೆ ಸೊಸೆಯ ಅಪ್ಪಣೆ ಎಂದು ಹೇಳಿ, ಅಲ್ಲಿಗೆ ಅವರ ಬಾಯಿ ಮುಚ್ಚುತ್ತದೆ. ಹದಿಮೂರಕ್ಕೆ ನಾನು ಬರುವುದಿಲ್ಲ. ಒಂದು ದಿನ ನಾವಿಬ್ಬರೇ ಹೋಗೋಣ.

ಅದಕ್ಕೆ ಮೊದಲು ಎಂಟನೆಯ ತಾರೀಖು ಭಾನುವಾರ ಇಲ್ಲಿಗೆ ಬನ್ನಿ. ಹನ್ನೆರಡು ಗಂಟೆಯ ಬಸ್ಸು ನಮ್ಮ ಬೀದಿಯ ತುದಿಯಲ್ಲೇ ನಿಲ್ಲುತ್ತದೆ, ಬಾಗಿಲು ತೆಗೆದಿರುತ್ತದೆ. ಕುರಿಮಾಂಸ ಬೇಯಿಸುತ್ತೇನೆ. ಮೀನು ಮಾತ್ರ ಸದ್ಯಕ್ಕೆ ನನ್ನಿಂದಾಗದು.

ನಿಮ್ಮ ಸೊಸೆ,
ಲವ್‌ಡೇ ಯೂರನ್